ಹತ್ತು ಮಿಲಿಮೀಟರು

ಫೆಬ್ರವರಿ 2, ಭಾನುವಾರ

ಬೈಕಿನ ಚೈನಿಗೆ ಎಣ್ಣೆ ಬಿಟ್ಟು ಒರೆಸಿದ್ದಾಯಿತು. ಹಿಂದಿನ ಟೈರು ನಡುವೆ ಚಪ್ಪಟೆಯಾಗಿದೆ. ಅದರ ತಪ್ಪಿಲ್ಲ, ಅಷ್ಟು ಓಡಿಸಿದ್ದೇನೆ. ಮಾರ್ಚ್ ಒಂಬತ್ತಕ್ಕೆ ರೇಸ್ ಟ್ರ್ಯಾಕಿನಲ್ಲಿ ಒಂದು ದಿನದ ತರಬೇತಿ. ವರ್ಷ ಕಾದು ಸಿಕ್ಕ ಸೀಟು. ಅಷ್ಟರೊಳಗೆ ಹೊಸ ಟೈರು ಆಗಬೇಕು. ಅಳತೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ: 150/60, 17 ಇಂಚು. ರಿಮ್ಮಿನ ಅಗಲ ನಾಲ್ಕೇ ಇಂಚು. ಇದಕ್ಕಿಂತ ದಪ್ಪದ್ದು ಸರಿಯಾಗಿ ಕೂರುವುದಿಲ್ಲ.

ಫೆಬ್ರವರಿ 19

ನಲವತ್ತೆಂಟು ತುಂಬಿತು. ಕಾಲೇಜಿನಿಂದ ಬಸ್ಸಿನಲ್ಲಿ ಬಂದರೆ ಗೇಟಿನಲ್ಲಿ ಇವರೂ ನಾದಿನಿಯೂ. ನನ್ನ ಬೈಕಿನ ಹಿಂಚಕ್ರಕ್ಕೆ ಹೊಸ ಟೈರು, ಕೆಂಪು ರಿಬ್ಬನ್ನು. ಸರ್‌ಪ್ರೈಸಂತೆ.

ಬಗ್ಗಿ ನೋಡಿದೆ. 160.

"ಚೀಟಿಯಲ್ಲಿ ನೂರೈವತ್ತು ಅಂತಿತ್ತಲ್ಲ?"

"ಹತ್ತು ಮಿಲಿಮೀಟರ್ ಕಣೇ! ಹಿಂದಿನಿಂದ ನೋಡು, ಎಷ್ಟು ಗತ್ತಾಗಿ ಕಾಣುತ್ತೆ."

ಹಿಂದಿನಿಂದ ನೋಡುವವರು ಇವರು. ಓಡಿಸುವವಳು ನಾನು.

"ಹೆಂಡ್ತಿ ಬೈಕಿಗೆ ಟೈರ್ ತರೋ ಗಂಡಂದಿರು ಎಷ್ಟು ಜನ ಇದಾರೆ ಅತ್ತಿಗೆ? ನಮ್ಮನೆಯವರು ನನ್ನ ಸೈಕಲ್ಲಿಗೆ ಗಾಳಿ ಕೂಡ ಹೊಡೆದುಕೊಟ್ಟಿಲ್ಲ," ಅಂದಳು ನಾದಿನಿ.

ನಕ್ಕೆ. ಫೋಟೋಗೂ ನಿಂತೆ.

ಫೆಬ್ರವರಿ 22

ಊರಾಚೆಯ ತಿರುವುಗಳಲ್ಲಿ ಓಡಿಸಿ ನೋಡಿದೆ. ವಾಲು ಅಂದರೆ ಒಲ್ಲೆ ಅನ್ನುತ್ತದೆ ಗಾಡಿ. ಆಮೇಲೆ ತಟ್ಟನೆ ಬಿದ್ದೇಹೋಗುವ ಹಾಗೆ ವಾಲುತ್ತದೆ. ಕಿರಿದಾದ ರಿಮ್ಮಿನಲ್ಲಿ ಟೈರು ಹಿಂಡಿಕೊಂಡು ನಡು ಉಬ್ಬಿದೆ. ಚೈನಿನ ಕವರಿಗೂ ತಾಗುತ್ತಿದೆ. ಷಟ್ಪದಿಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ನಾಲಿಗೆ ಎಡವುತ್ತದೆ... ಇಲ್ಲಿ ಎಡವುವುದು ನಾನು, ಮೈಯೊಂದಿಗೆ.

ಊಟಕ್ಕೆ ಕೂತಾಗ ಹೇಳಿದೆ. ಬದಲಾಯಿಸಿಬಿಡೋಣ.

"ಪ್ರೀತಿಯಿಂದ ತಂದಿದ್ದಕ್ಕೂ ಕೆಂಪು ಶಾಯಿ ಹಾಕ್ತೀಯಾ? ನಾನೇನು ನಿನ್ನ ಸ್ಟೂಡೆಂಟಾ?"

ತಟ್ಟೆ ಸರಿಸಿ ಎದ್ದರು.

ಫೆಬ್ರವರಿ 26

ನಾಲ್ಕು ದಿನದಿಂದ ಮಾತಿಲ್ಲ. ಟೈರ್ ಅಂಗಡಿಗೆ ಹೋದೆ.

"ಸಾರ್ ಹೇಳಿ ಹಾಕಿಸಿದ್ದು ಮೇಡಂ. ಅವರನ್ನ ಒಂದ್ ಮಾತು ಕೇಳ್ಕೊಂಡ್ ಬನ್ನಿ, ಬಿಚ್ತೀನಿ."

"ಗಾಡಿ ನನ್ನದು."

"ನಿಮ್ದೇ ಮೇಡಂ, ಇಲ್ಲ ಅಂದ್ನಾ? ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ ಸ್ಪ್ಯಾನರ್ ಹಾಕ್ಲಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕುಬಿಟ್ಟೆ, ನಾಚಿಕೆಗೆಟ್ಟು.

ಬೇರೆ ಅಂಗಡಿಗಳಿದ್ದವು. ಹೋಗಲಿಲ್ಲ. ಇದನ್ನು ಬರೆದಿಡಬೇಕು — ಹೋಗಲಿಲ್ಲ. ಮನೆಗೆ ಬಂದು "ಇರಲಿ ಬಿಡಿ, ಚೆನ್ನಾಗೇ ಇದೆ" ಅಂದೆ. ಇವರು ಟೀವಿಯ ಸದ್ದು ತಗ್ಗಿಸಿದರು. ಇದಕ್ಕೆ ನಾವು ಸಂಸಾರದ ನೆಮ್ಮದಿ ಅನ್ನುತ್ತೇವೆ.

ಮಾರ್ಚ್ 9, ಬೆಳಿಗ್ಗೆ 9.20

ಟ್ರ್ಯಾಕಿನ ಗೇಟಿನ ಹೊರಗೆ, ಕಲ್ಲುಬೆಂಚು. ಒಳಗೆ ಬಿಡಲಿಲ್ಲ.

ಗಾಡಿ ತಪಾಸಣೆ ಮಾಡುವವಳಿಗೆ ನನ್ನ ವಿದ್ಯಾರ್ಥಿನಿಯರ ವಯಸ್ಸು. ಟೈರಿಗೂ ಕವರಿಗೂ ನಡುವೆ ಬೆರಳು ತೂರಿಸಲು ನೋಡಿದಳು. ತೂರಲಿಲ್ಲ.

"ಆಂಟಿ, ರಿಮ್ ನಾಲ್ಕಿಂಚು. ಮ್ಯಾನ್ಯುಯಲ್ ಓದಲ್ವಾ? ಯಾರು ಹಾಕಿದ್ದು ಇದನ್ನ?"

ಮ್ಯಾನ್ಯುಯಲ್ ನನಗೆ ಬಾಯಿಪಾಠ.

"ನಾನೇ," ಅಂದೆ.

ಗಂಡನ ಮಾನ ಉಳಿಸಲು ಹಾಗಂದೆ ಅಂದುಕೊಂಡರೆ ಸುಳ್ಳು. ತಪ್ಪೆಂದು ಗೊತ್ತಿದ್ದೂ, ಇವರು ಮುನಿಸಿಕೊಂಡರೆಂದು ಅದೇ ಟೈರಿನಲ್ಲಿ ಬಂದೆ — ಹಾಗನ್ನುವುದಕ್ಕಿಂತ ದಡ್ಡಿ ಅನ್ನಿಸಿಕೊಳ್ಳುವುದು ಸುಲಭವಾಗಿತ್ತು.

ಮೊದಲ ಗುಂಪು ಹೊರಟಿತು. ಸದ್ದು ಗೋಡೆಯಾಚೆ ದೂರ ಹೋಗುತ್ತದೆ, ಸುತ್ತಿ ಮತ್ತೆ ಬರುತ್ತದೆ.

ಮಾರ್ಚ್ 10

ರಜೆ ಹಾಕಿ ಬೇರೊಂದು ಅಂಗಡಿಗೆ ಹೋದೆ. 150 ಹಾಕಿಸಿದೆ. ಅರ್ಧ ಗಂಟೆಯ ಕೆಲಸ. ಯಾರೂ ಯಾರನ್ನೂ ಕೇಳಲಿಲ್ಲ.

ಸಂಜೆ ಇವರು ನೋಡಿದರು. "ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ವಾ?"

"ನಿನ್ನೆ ಟ್ರ್ಯಾಕಿಗೆ ಬಿಡಲಿಲ್ಲ, ಆ ಟೈರು ನೋಡಿ."

"ಓ. ಮುಂದಿನ ವರ್ಷ ಇದ್ದೇ ಇದೆಯಲ್ಲ, ಬಿಡು."

ಮಾರ್ಚ್ 23

ಮುಂದಿನ ವರ್ಷದ ಅರ್ಜಿ ತುಂಬುತ್ತಿದ್ದೇನೆ. ವಯಸ್ಸು. ರಕ್ತದ ಗುಂಪು. ಟೈರಿನ ಅಳತೆ. ಕೊನೆಯಲ್ಲಿ — ಅಪಘಾತವಾದರೆ ನಿಮ್ಮ ಪರವಾಗಿ ನಿರ್ಧಾರ ತೆಗೆದುಕೊಳ್ಳುವವರು ಯಾರು?

ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ, ಇವರ ಹೆಸರು ಬರೆಯುವ ಇಂಥ ಸಾಲಿನಲ್ಲಿ ಪೆನ್ನು ನಿಂತದ್ದಿಲ್ಲ.

"ಇನ್ನೂ ಮುಗೀಲಿಲ್ವೇನೇ?" ಕೇಳುತ್ತಿದ್ದಾರೆ ಒಳಗಿನಿಂದ.

ಒಂದು ಸಾಲು ಉಳಿದಿದೆ ಅಂದೆ. ಅಲ್ಲಿ ಸದ್ಯಕ್ಕೆ ಹೆಸರಿಲ್ಲ, ಬರೀ ಒಂದು ಗೆರೆ: —