ಬೇರೆ ತಂತಿಯ ಮನೆಗೆ ಹೋದ ಮಗಳು

ಜಮಖಂಡಿ, ಸೆಪ್ಟೆಂಬರ್ ೩೧, ೨೧೮೪

ನನ್ನ ಮುತ್ತಜ್ಜಿಯ ಮುತ್ತಜ್ಜಿ ಶಾಂಭವಿಯವರಿಗೆ, ನಿಮ್ಮ ವಂಶದ ಗಂಗವ್ವ ಮಾಡುವ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಲೆಕ್ಕಕ್ಕೆ ಸುಲಭವೆಂದು ಕಂಪನಿಗಳು ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಕೊಟ್ಟಿವೆ. ನಮ್ಮ ಕಾಲದ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನೀವು ದೂರವಾಣಿ ನಿಯಮ ಬರೆಯುವ ಕಚೇರಿಯಲ್ಲಿದ್ದಿರಿ ಎಂದು ಮನೆಯಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಹೆಮ್ಮೆಗಿಂತ ಸಿಟ್ಟೇ ಜಾಸ್ತಿ. ಒಂದು ಕಂಪನಿ ಎಳೆದ ತಂತಿಯಲ್ಲಿ ಎದುರಾಳಿ ಕಂಪನಿಗೂ ಜಾಗ ಕೊಡಲೇಬೇಕೆಂಬ ನಿಯಮವನ್ನು ನೀವೆಲ್ಲ ಸೇರಿ ತೆಗೆದುಹಾಕಲಿದ್ದೀರಿ. ಪೈಪೋಟಿಗೆ ಬಿದ್ದು ಪ್ರತಿಯೊಬ್ಬರೂ ಬೀದಿ ಬೀದಿಗೆ ತಮ್ಮದೇ ತಂತಿ ಎಳೆದಾರು ಎಂಬುದು ನಿಮ್ಮ ಎಣಿಕೆ. ಅವರೇನು ದಡ್ಡರೇ? ತಂತಿ ಹಂಚಿಕೊಳ್ಳುವ ಬದಲು ಜಿಲ್ಲೆಗಳನ್ನೇ ಹಂಚಿಕೊಂಡರು. ಆಮೇಲೆ ಒಬ್ಬರ ಕರೆಯನ್ನು ಇನ್ನೊಬ್ಬರು ಒಳಗೆ ಬಿಡುವುದನ್ನೂ ನಿಲ್ಲಿಸಿದರು. ತಂತಿಯಿಲ್ಲದೆ ಗಾಳಿಯಲ್ಲಿ ಮಾತಾಡೋಣವೆಂದರೆ ಆ ಅಲೆಗಳೆಲ್ಲ ಈಗ ಕಂಪನಿಗಳ ಸರಕಿನ ಹಾರುಬಂಡಿಗಳ ಓಡಾಟಕ್ಕೆ ಮೀಸಲು.

ಹೀಗಾಗಿ ಹೆಣ್ಣು ನೋಡಲು ಬಂದವರು ಜಾತಕಕ್ಕೂ ಮೊದಲು ತಂತಿ ಕೇಳುತ್ತಾರೆ. ನಮ್ಮದು ಕೆಂಪು ಕಂಪನಿಯದು. ನನ್ನ ಮಗಳು ಹಂಪವ್ವ ಮೆಚ್ಚಿದ ಹುಮನಾಬಾದಿನ ಹುಡುಗನ ಮನೆಯದು ನೀಲಿ. “ಹುಡುಗ ಚಲೋ ಅದಾನವ್ವಾ, ತಂತಿ ತಗೊಂಡು ಏನ್ ಮಾಡ್ಲಿ?” ಎಂದು ನಕ್ಕು ಮದುವೆಯಾಗಿ ಹೋದಳು. ಅಂದಿನಿಂದ ಅವಳ ದನಿ ಕೇಳಬೇಕೆಂದರೆ ಅವಳು ಬರಬೇಕು, ಇಲ್ಲವೇ ನಾನು ಹೋಗಬೇಕು. ತುರ್ತಿದ್ದರೆ ದಾಟುಕಟ್ಟೆ ಇದೆ. ಎರಡೂ ತಂತಿಗಳು ಬಂದು ನಿಲ್ಲುವ ಗಡಿಯ ಕೋಣೆ ಅದು. ಅಲ್ಲಿ ಕೂತ ದಾಟುಗಾರ ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆಗೆ ತನ್ನ ಬಾಯಿಂದ ಹೇಳುತ್ತಾನೆ. ಬೇರೇನನ್ನೂ ದಾಟಿಸಲು ಕಂಪನಿಗಳು ಬಿಡುವುದಿಲ್ಲ.

ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಲು ಹೊರಟರೆ ಭೀಮೆ ತುಂಬಿ ದಾರಿಯೇ ಮುಚ್ಚಿಹೋಯಿತು. ಇವತ್ತು ಬೆಳಿಗ್ಗೆ ನೋವು ಶುರುವಾಗಿದೆ. “ಅವ್ವಾ, ಭಾಳ ಅಂಜಿಕಿ ಆಗಾಕತ್ತೈತಿ, ಏನರ ಮಾತಾಡು” ಎಂದಿತು ದಾಟುಗಾರನ ಗಡಸು ದನಿ. ನನ್ನ ಬಂಗಾರ, ನಾನಿದ್ದೀನಿ ಎಂದು ನಾನು ಆ ಗಂಡಸಿಗೆ ಹೇಳಬೇಕು, ಅವನು ಅವಳಿಗೆ ಹೇಳಬೇಕು.

ಅಜ್ಜೀ, ಆ ನಿಯಮವನ್ನು ಹೇಗಾದರೂ ಉಳಿಸಿ. ಈ ಪತ್ರ ನಿಮಗೆ ಮುಟ್ಟುವುದು ಅನುಮಾನ. ಮುಟ್ಟಿದರೂ ಅಲ್ಲಿ ನಿಮ್ಮ ಮಾತು ನಡೆಯುತ್ತದೋ ಇಲ್ಲವೋ. ಆದರೆ ಬೇರೆ ಯಾರಿಗೆ ಬರೆಯಲಿ?

ಈಗಷ್ಟೇ ಮತ್ತೆ ಕರೆ ಬಂತು. ಹೆಣ್ಣು ಮಗುವಂತೆ, ಬಾಣಂತಿ ಕ್ಷೇಮವಂತೆ. ಕೂಸು ಜೋರಾಗಿ ಅಳುವುದು ದಾಟುಗಾರನಿಗೆ ಕೇಳಿಸುತ್ತಿದೆಯಂತೆ. ನನಗೂ ಕೇಳಿಸಪ್ಪಾ ಎಂದು ಬೇಡಿಕೊಂಡೆ.

“ಅದು ಮಾತಲ್ರೀ ಯವ್ವಾ,” ಎಂದ, “ಹ್ಯಾಂಗ ಹೇಳ್ಲಿ?”