‘ಒಬ್ಬರನ್ನೇ’ ಎಂಬ ಪದ ಎಲ್ಲಿ ಹೋಯಿತು?

ನಮ್ಮ ಟೌನ್‌ಷಿಪ್ಪಿನ ರಿಕ್ರಿಯೇಷನ್ ಇಲಾಖೆಯ ನಿರ್ದೇಶಕರಿಗೆ
ನ್ಯೂಜೆರ್ಸಿ, ಡಿಸೆಂಬರ್ 2, 1978

ಮಾನ್ಯರೇ,

ಕಳೆದ ಆಗಸ್ಟಿನಲ್ಲಿ ನಿಮ್ಮ ಕಚೇರಿ ಕೇಳಿತೆಂದು ನಾನೊಂದು ವೈದ್ಯಕೀಯ ಪ್ರಮಾಣಪತ್ರ ಬರೆದುಕೊಟ್ಟೆ. ಅದರಲ್ಲಿ ‘ಇವರನ್ನು ಒಬ್ಬರನ್ನೇ ಮಕ್ಕಳ ಜೊತೆ ಬಿಡಬಾರದು’ ಎಂಬ ವಾಕ್ಯವಿತ್ತು. ಸೆಪ್ಟೆಂಬರಿನಲ್ಲಿ ನೀವು ಸಹಿ ಮಾಡಿ ಕಳಿಸಿದ ಆಜ್ಞೆಯಲ್ಲಿ ನನ್ನ ಹೆಸರಿನಡಿ ಅದೇ ವಾಕ್ಯ ‘ಇವರನ್ನು ಮಕ್ಕಳ ಜೊತೆ ಬಿಡಬಾರದು’ ಎಂದು ಅಚ್ಚಾಗಿತ್ತು. ‘ಒಬ್ಬರನ್ನೇ’, ನಿಮ್ಮ ಇಂಗ್ಲಿಷಿನ ‘ಅಲೋನ್’, ಆ ಒಂದು ಪದ ಮಾತ್ರ ಕಾಣೆಯಾಗಿತ್ತು. ಆ ಒಂದು ಪದದ ಜಾಗದಲ್ಲಿ ಒಬ್ಬ ಮನುಷ್ಯನ ಮಾನ ಹೋಯಿತು. ಅದನ್ನು ತೆಗೆದವರು ಯಾರು, ಯಾಕೆ ತೆಗೆದರು ಎಂದು ಕೇಳಲು ಈ ಪತ್ರ.

ಪತ್ರ ಕನ್ನಡದಲ್ಲಿರುವುದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ನಿಮಗೆ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ ‘ನಿಮ್ಮ ಪತ್ರ ತಲುಪಿದೆ’ ಎಂಬ ಅಚ್ಚಾದ ಕಾರ್ಡು ಬಂತು. ಎರಡನೆಯದಕ್ಕೂ ಅದೇ ಕಾರ್ಡು. ಮೂರನೆಯದಕ್ಕೆ ಕಾರ್ಡೂ ಇಲ್ಲ. ಓದದೇ ಇರುವವರಿಗೆ ಯಾವ ಭಾಷೆಯಾದರೇನು? ನನ್ನ ಭಾಷೆಯಲ್ಲಿ ಬರೆದರೆ ನಮ್ಮ ಕನ್ನಡ ಕೂಟದ ಸೈಕ್ಲೋಸ್ಟೈಲ್ ಪತ್ರಿಕೆ ತರಿಸುವ ನೂರಿಪ್ಪತ್ತು ಮನೆಯವರಾದರೂ ಓದುತ್ತಾರೆ. ಅದರಲ್ಲೊಂದು ಮನೆಯವರು ಆ ಮನುಷ್ಯನ ಮೇಲೆ ನಿಮಗೆ ಕೊಟ್ಟ ದೂರಿಗೆ ಸಹಿ ಹಾಕಿದ್ದಾರೆ. ಅವರೂ ಓದಲಿ.

ನಾನು ಪ್ರಮಾಣಪತ್ರ ಬರೆದದ್ದು ಯಾರ ಬಗ್ಗೆಯೋ ಅವರು ನಿಮ್ಮ ಕಡತದಲ್ಲಿ ‘ಸ್ವಯಂಸೇವಕ, ಬಾಲಕಿಯರ ಸಾಕರ್’. ಹೆಸರು ಇಡ್ವಲ್ ಪ್ರೋಸರ್. ವೇಲ್ಸಿನ ಕಲ್ಲಿದ್ದಲ ಕಣಿವೆಯೊಂದರಲ್ಲಿ ಹುಟ್ಟಿ, ಹದಿನೈದಕ್ಕೆ ಗಣಿಗಿಳಿದು, ಇಪ್ಪತ್ತಕ್ಕೆ ಫುಟ್‌ಬಾಲ್ ಆಡಿ ಮೇಲೆ ಬಂದವರು. ಹದಿನಾರು ವರ್ಷ ಇಂಗ್ಲೆಂಡಿನ ಮೂರನೇ ಮತ್ತು ನಾಲ್ಕನೇ ಡಿವಿಷನ್ನಿನ ತಂಡಗಳಲ್ಲಿ ಹಿಂದಿನ ಸಾಲಿನ ನಡುವೆ ನಿಂತು ಆಡಿದರು. ಅವರ ತಂಡಗಳು ಎಂದೂ ಏನನ್ನೂ ಗೆಲ್ಲಲಿಲ್ಲ. ಬೇಸಿಗೆಯಲ್ಲಿ ಆಟವಿಲ್ಲದಾಗ ಅದೇ ಮೈದಾನದ ಕಂಬಿಗಳಿಗೆ ಬಣ್ಣ ಬಳಿಯುತ್ತಿದ್ದರಂತೆ. ಒಮ್ಮೆ ನಾನು, “ನೀವು ದೊಡ್ಡ ಆಟಗಾರರಾಗಿದ್ದಿರಾ?” ಎಂದು ಕೇಳಿದ್ದೆ. “ಇಲ್ಲ ಡಾಕ್ಟರ್, ಉಪಯೋಗಕ್ಕೆ ಬರುವ ಆಟಗಾರನಾಗಿದ್ದೆ” ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಬೇಸರವಿರಲಿಲ್ಲ.

ಅರವತ್ತೇಳರಲ್ಲಿ ನ್ಯೂಯಾರ್ಕಿನ ಕಡೆ ಹೊಸದಾಗಿ ಕಟ್ಟಿದ ವೃತ್ತಿಪರ ತಂಡವೊಂದು ಅವರನ್ನು ಕರೆಸಿಕೊಂಡಿತು. ಮರುವರ್ಷ ತಂಡವೇ ಮುಚ್ಚಿಹೋಯಿತು. ಜೊತೆಗೆ ಬಂದವರೆಲ್ಲ ವಾಪಸ್ ಹೋದರು. ಇವರಿಗೆ ಮೂವತ್ತೇಳು, ಊರಿಗೆ ಹೋದರೆ ಮತ್ತೆ ಗಣಿಯೇ ಗತಿ. ಹೆಂಡತಿ ಮಾರ್ಗರೆಟ್ ಇಲ್ಲೇ ಒಂದು ಬೇಕರಿಯಲ್ಲಿ ಕೆಲಸ ಹಿಡಿದರು, ಇವರು ನಮ್ಮ ಟೌನ್‌ಷಿಪ್ಪಿನ ಶಾಲೆಯಲ್ಲಿ ಕಸ ಗುಡಿಸಿ ಬೀಗ ನೋಡಿಕೊಳ್ಳುವ ಜ್ಯಾನಿಟರ್ ಆದರು. ಎಪ್ಪತ್ತೊಂದರಲ್ಲಿ ನಿಮ್ಮ ಇಲಾಖೆಯ ಬಾಗಿಲು ತಟ್ಟಿ, ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ, ಶನಿವಾರ ಮೈದಾನ ಕೊಡಿ ಎಂದರು. ನೀವು ಆಗಲೂ ನಿರ್ದೇಶಕರೇ. ನೆನಪಿರಬಹುದು. ನೆನಪಿಲ್ಲದಿದ್ದರೆ, ನೆನಪು ಹೋಗಿರುವುದು ಅವರೊಬ್ಬರಿಗೇ ಅಲ್ಲ ಎಂದಾಯಿತು.

ನಾವು ಬಂದದ್ದು ಅರವತ್ತೊಂಬತ್ತರಲ್ಲಿ. ನಾನು ಧಾರವಾಡದವಳು, ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ನನ್ನ ಪತಿ ಬದರೀನಾಥ ಮೈಸೂರಿನವರು, ಇಂಜಿನಿಯರು. ಮಗಳಿಗೆ ಅತ್ತೆಯವರ ಹೆಸರು, ತ್ರಿಪುರಸುಂದರಿ. ಶಾಲೆಯಲ್ಲಿ ಯಾರ ಬಾಯಿಗೂ ಆ ಹೆಸರು ಹೊರಳಲಿಲ್ಲ. ಟೀಚರು ‘ಟ್ರಿಪ್’ ಎಂದು ತುಂಡು ಮಾಡಿದರು. ಇಂಗ್ಲಿಷಿನಲ್ಲಿ ಟ್ರಿಪ್ ಎಂದರೆ ಎಡವಿ ಬೀಳುವುದೂ ಹೌದೆಂದು ಮಕ್ಕಳು ನಗುತ್ತಿದ್ದರು. ಒಂಬತ್ತು ವರ್ಷದ ಹುಡುಗಿ ಮಾತು ಬಿಟ್ಟಳು. ಆಗ ಒಂದು ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಸೊಂಟಕ್ಕೆ ಬೀಗದ ಕೈಗೊಂಚಲು ಕಟ್ಟಿಕೊಂಡ ದೊಡ್ಡ ಆಳು, ಶಾಲೆಯ ಜ್ಯಾನಿಟರ್ ಪ್ರೋಸರ್, ಬಂದು ನಿಂತರು. “ನಿಮ್ಮ ಮಗಳು ಊಟದ ಬಿಡುವಿನಲ್ಲಿ ಖಾಲಿ ಹಾಲಿನ ಡಬ್ಬಿ ಒದೆಯುತ್ತಿರುತ್ತಾಳೆ. ನೀವು ಒಪ್ಪಿದರೆ ಡಬ್ಬಿಯ ಬದಲು ಚೆಂಡು ಕೊಡುತ್ತೇನೆ” ಎಂದರು.

“ಹೆಣ್ಣುಮಕ್ಕಳು ಆಡ್ತಾರಾ ಇದನ್ನ?” ಎಂದು ಬದರೀನಾಥ ನನ್ನನ್ನು ಕನ್ನಡದಲ್ಲಿ ಕೇಳಿ, ಅವರನ್ನೂ ಇಂಗ್ಲಿಷಿನಲ್ಲಿ ಕೇಳಿದರು.

“ಅವಳು ಎರಡೂ ಕಾಲಲ್ಲಿ ಒದೆಯುತ್ತಾಳೆ ಸರ್. ಅದು ನನಗೇ ಎಂದೂ ಬರಲಿಲ್ಲ.”

ಹೋಗುವ ಮುಂಚೆ ಮಗಳನ್ನು ಕರೆದು ಅವಳ ಪೂರ್ತಿ ಹೆಸರು ಕೇಳಿದರು. ಅವಳು ಹೇಳಿದಳು. ಮೂರು ಸಲ ಹೇಳಿಸಿಕೊಂಡು, ನಾಲ್ಕನೆಯ ಸಲ ತಾವೇ ಹೇಳಿದರು. “ನಮ್ಮೂರ ಹೆಸರುಗಳೂ ಇಂಗ್ಲಿಷರ ಬಾಯಿಗೆ ಬರೋದಿಲ್ಲ. ಅದು ನಮ್ಮ ತಪ್ಪಲ್ಲ” ಎಂದು ಅವಳ ಕೈಕುಲುಕಿದರು. ಆ ಶನಿವಾರ ಮೈದಾನದ ಆ ತುದಿಯಿಂದ ಈ ತುದಿಗೆ ‘ತ್ರಿಪುರಸುಂದರಿ’ ಎಂದು ಕೂಗಿದ್ದು ಕೇಳಿ ನಾನು ಕಾರಿನಲ್ಲೇ ಕೂತು ಅತ್ತೆ. ಅವಳ ಹೆಸರನ್ನು ಈ ದೇಶದಲ್ಲಿ ಮೊದಲ ಸಲ ಯಾರೋ ಪೂರ್ತಿ ಕರೆದಿದ್ದರು.

ನಾಲ್ಕು ವರ್ಷ ಪ್ರತಿ ಶನಿವಾರ ನಾನು ಆ ಮೈದಾನದಲ್ಲಿದ್ದೆ. ನೀವೂ ಒಮ್ಮೆ ಬಂದಿದ್ದಿರಿ, ಪತ್ರಿಕೆಯ ಫೋಟೋಗ್ರಾಫರ್ ಬಂದ ದಿನ. ಸೋತ ದಿನ ಎದುರಾಳಿ ಗೋಲ್‌ಕೀಪರಿನ ಹತ್ತಿರ ಹೋಗಿ ‘ಚೆನ್ನಾಗಿ ತಡೆದೆ’ ಎಂದು ಹೇಳಿ ಬರಬೇಕು ಎಂಬುದು ಅವರ ನಿಯಮ. ಇನ್ನೊಂದು ನಿಯಮವಿತ್ತು, ಚೆಂಡಿಗೆ ಯಾರೂ ತಲೆ ಕೊಡಬಾರದು. ಬೇರೆ ತಂಡದ ಮಕ್ಕಳು ತಲೆಯಲ್ಲಿ ಹೊಡೆದು ಗೋಲು ಹಾಕಿದಾಗ ನಮ್ಮ ತಂದೆತಾಯಿಗಳು ಗೊಣಗುತ್ತಿದ್ದರು. “ತಲೆ ಅವರ ಹೋಮ್‌ವರ್ಕಿಗೆ ಬೇಕು” ಎಂದು ಅವರು ನಗೆಯಾಡಿಬಿಡುತ್ತಿದ್ದರು. ಅದು ನಗೆ ಮಾತಲ್ಲ ಎಂದು ನನಗೆ ಗೊತ್ತಾಗುವಾಗ ತಡವಾಗಿತ್ತು.

ಕಳೆದ ವರ್ಷ ಮೊದಲ ಸಲ ಅವರು ಮಗಳ ಹೆಸರು ತಡವರಿಸಿದರು. ಆಮೇಲೆ ಹಿಂದಿನ ಸಾಲಿನ ಹುಡುಗಿಯರನ್ನು ‘ಡಾಯ್’, ‘ರೆಗ್’ ಎಂದು ಕರೆಯತೊಡಗಿದರು. ಮಕ್ಕಳಿಗೆ ತಮಾಷೆ, ಅವರೂ ಓಗೊಟ್ಟರು. ಅವು ಇಪ್ಪತ್ತು ವರ್ಷದ ಹಿಂದೆ ಇವರ ಅಕ್ಕಪಕ್ಕ ಆಡಿದವರ ಹೆಸರುಗಳೆಂದು ಮಾರ್ಗರೆಟ್ ಹೇಳಿದರು. “ನೀವು ಡಾಕ್ಟರ್. ನನಗೆ ನಿಜ ಹೇಳಿ” ಎಂದು ಆಕೆ ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಪ್ರೋಸರ್ ಅವರನ್ನು ನಮ್ಮ ಆಸ್ಪತ್ರೆಯ ನರರೋಗ ತಜ್ಞರ ಬಳಿ ಕರೆದುಕೊಂಡು ಹೋದೆ. ಅವರು ಪರೀಕ್ಷೆಗಳನ್ನೆಲ್ಲ ಮಾಡಿ, “ಬಾಕ್ಸಿಂಗ್ ಮಾಡುತ್ತಿದ್ದರೇ?” ಎಂದು ಕೇಳಿದರು. ಇಲ್ಲ, ಮಳೆಯಲ್ಲಿ ನೆನೆದು ಕಲ್ಲಾದ ಚರ್ಮದ ಚೆಂಡನ್ನು ಹದಿನಾರು ವರ್ಷ ಹಣೆಯಿಂದ ಹೊಡೆದಿದ್ದರು. ಅದೇ ಕಾರಣವಿರಬಹುದೆಂದರು ತಜ್ಞರು. ಖಚಿತವಾಗಿ ಯಾರೂ ಹೇಳಲಾರರು. ಜನರಿಗೆ ಮೂರು ಗಂಟೆ ಮರೆವು ಕೊಟ್ಟು ಮತ್ತೆ ಎಚ್ಚರಿಸುವುದು ನನ್ನ ವೃತ್ತಿ. ಈ ಮರೆವಿನಿಂದ ಎಚ್ಚರಿಸುವ ವಿದ್ಯೆ ನನಗೆ ಗೊತ್ತಿಲ್ಲ.

ಈ ಮೇ ತಿಂಗಳಲ್ಲಿ, ನಾನು ಆಸ್ಪತ್ರೆಯಲ್ಲಿದ್ದ ದಿನ, ಬಾಸ್ಕಿಂಗ್ ರಿಡ್ಜ್ ಎಂಬ ಊರಲ್ಲಿ ಪಂದ್ಯ ಮುಗಿದ ಮೇಲೆ ಮಕ್ಕಳನ್ನು ಕಾರಿನಲ್ಲಿ ವಾಪಸ್ ಕರೆತರುವಾಗ ಅವರು ಇಬ್ಬರು ಹುಡುಗಿಯರನ್ನು ಮರೆತು ಬಂದರು. ನಲವತ್ತು ನಿಮಿಷ ಅವರಿಬ್ಬರೂ ರಸ್ತೆ ಬದಿ ನಿಂತಿದ್ದರು. ಒಬ್ಬಳು ನನ್ನ ಮಗಳು. ಇನ್ನೊಬ್ಬಳು ನಮ್ಮ ಕೂಟದ ಮುಕುಂದ್ ಮತ್ತು ಕೌಸಲ್ಯಾ ದಂಪತಿಗಳ ಮಗಳು. ಏನೂ ಆಗಲಿಲ್ಲ, ಆದರೆ ಆಗಬಹುದಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿಮಗೆ ದೂರು ಹೋಗಿದೆ ಎಂದು ಗೊತ್ತಾದಾಗ ಕೌಸಲ್ಯಾಗೆ ಫೋನ್ ಮಾಡಿದೆ.

“ಅನಸೂಯಾ, ನಿಮಗೆ ಬೇಜಾರಾಗುತ್ತೆ ಅಂತ ಗೊತ್ತು” ಎಂದರು ಆಕೆ. “ಆದ್ರೆ ನಮ್ಮ ಮಗು ಫಾರ್ಟಿ ಮಿನಿಟ್ಸ್ ರೋಡ್ ಸೈಡಲ್ಲಿ ನಿಂತಿತ್ತು. ಆವತ್ತಿಂದ ನನಗೆ ನಿದ್ದೆ ಇಲ್ಲ. ಅವರು ಒಳ್ಳೆಯೋರೇ. ಒಳ್ಳೆಯೋರು ಅಂತ ಡ್ರೈವ್ ಮಾಡೋಕೆ ಬಿಡೋಕಾಗುತ್ತಾ?”

ತಾಯಿಯೊಬ್ಬಳು ಹೆದರಿದರೆ ತಪ್ಪಲ್ಲ. ಹೆದರಿಕೆಯನ್ನು ಕೈಗಿಟ್ಟಾಗ ಅದನ್ನು ತೂಗಿ ನೋಡಲೆಂದೇ ಅಲ್ಲವೇ ಮಾನ್ಯರೇ, ನಿಮ್ಮಂಥವರು ಕುರ್ಚಿಯಲ್ಲಿರುವುದು?

ನೀವು ಪ್ರಮಾಣಪತ್ರ ಕೇಳಿದಿರಿ. ಬರೆಯಲು ಕೂತಾಗ ಬದರೀನಾಥ ಹಿಂದೆ ಬಂದು ನಿಂತರು. “ಅಷ್ಟೆಲ್ಲ ಬರೀಬೇಡ ಅನಸೂಯಾ. ಆಫೀಸಿನೋರು ತಮಗೆ ಬೇಕಾದ್ದು ಮಾತ್ರ ಓದ್ತಾರೆ.”

“ನಾ ಡಾಕ್ಟರ್ ಅದೀನ್ರಿ” ಎಂದೆ ನಾನು. “ಖರೇ ಇದ್ದದ್ದು ಬರೀದೇ ಹೆಂಗ ಬಿಡ್ಲಿ? ಅವರೇನು ಓದೂದಿಲ್ಲೇನು?”

ಒಂದೂವರೆ ಪುಟ ಬರೆದೆ. ಇವರು ವಾಹನ ಓಡಿಸಬಾರದು, ಇವರನ್ನು ಒಬ್ಬರನ್ನೇ ಮಕ್ಕಳ ಜೊತೆ ಬಿಡಬಾರದು. ಆದರೆ ಆಟದ ತಿಳಿವಳಿಕೆ ಒಂದಿಷ್ಟೂ ಮುಕ್ಕಾಗಿಲ್ಲ, ಸ್ವಭಾವ ಮೃದು, ಪಕ್ಕದಲ್ಲಿ ಒಬ್ಬ ಹಿರಿಯರಿದ್ದರೆ ಇನ್ನೂ ಕೆಲವು ವರ್ಷ ಕಲಿಸಬಲ್ಲರು, ಮಕ್ಕಳ ನಡುವೆ ಇರುವುದೇ ಇವರಿಗಿರುವ ಔಷಧ, ಪ್ರತಿ ಶನಿವಾರ ಪಕ್ಕದಲ್ಲಿ ನಿಲ್ಲಲು ನಾನು ಸಿದ್ಧ. ಇಷ್ಟರಲ್ಲಿ ನೀವು ಆರಿಸಿಕೊಂಡದ್ದು ಒಂದು ವಾಕ್ಯ, ಅದರಲ್ಲೂ ಒಂದು ಪದ ಕಳೆದು. ಕಳೆದ ಮೇಲೆ ಆ ವಾಕ್ಯವನ್ನು ಊರು ಹೇಗೆ ಓದಿತು ಗೊತ್ತೇ? ಮಕ್ಕಳ ಜೊತೆ ಬಿಡಬಾರದ ಗಂಡಸು ಎಂದರೆ ಈ ದೇಶದಲ್ಲಿ ಏನರ್ಥ ಎಂದು ನಿಮಗೆ ನಾನು ಹೇಳಿಕೊಡಬೇಕೇ? ಬೇಕರಿಯಲ್ಲಿ ಹೆಂಗಸರು ಮಾರ್ಗರೆಟ್ ಕೈಯಿಂದ ಬ್ರೆಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ನಿಮ್ಮ ಆಜ್ಞೆಯ ಪ್ರತಿ ಊರ ಪತ್ರಿಕೆಗೂ ಶಾಲೆಗೂ ಹೋಯಿತು. ಬೀಗದ ಕೈಗೊಂಚಲು ವಾಪಸ್ ಕೊಡಬೇಕಾಯಿತು.

ಸೆಪ್ಟೆಂಬರ್ ಹದಿನಾರರ ಶನಿವಾರ ಅವರು ಎಂದಿನಂತೆ ನಡೆದುಕೊಂಡು ಮೈದಾನಕ್ಕೆ ಬಂದರು. ನಿಮ್ಮ ಆಜ್ಞೆಯನ್ನು ಓದಿದ್ದರು, ಮರೆತಿದ್ದರು. ಯಾರೋ ಪೊಲೀಸರನ್ನು ಕರೆದರು. ಬಂದ ಹುಡುಗ ಒಳ್ಳೆಯವನು, ಮೆತ್ತಗೆ ತೋಳು ಹಿಡಿದ. ಹದಿನಾಲ್ಕು ಹುಡುಗಿಯರು ನಿಂತು ನೋಡುತ್ತಿದ್ದರು. ಇವರು ಪ್ರತಿಭಟಿಸಲಿಲ್ಲ. ರೆಫರಿಯನ್ನು ಕೇಳುವ ಹಾಗೆ ಅವನನ್ನು ಕೇಳಿದರು: “ನನ್ನನ್ನು ಹೊರಗೆ ಹಾಕಿದಿರಾ? ಯಾಕೆ? ನಾನು ಯಾರಿಗೂ ಪೆಟ್ಟು ಮಾಡಲಿಲ್ಲವಲ್ಲ.” ಹದಿನಾರು ವರ್ಷದಲ್ಲಿ ಒಮ್ಮೆಯೂ ಅವರನ್ನು ಮೈದಾನದಿಂದ ಹೊರಗೆ ಕಳಿಸಿರಲಿಲ್ಲ ಎಂದು ಮಾರ್ಗರೆಟ್ ಆಮೇಲೆ ಹೇಳಿದರು. ನಾನು ಓಡಿಹೋಗಿ ಇನ್ನೊಂದು ತೋಳು ಹಿಡಿದೆ. ಮೂವರೂ ಹಾಗೇ ಗೇಟಿನವರೆಗೆ ನಡೆದೆವು.

ಮನೆಗೆ ಬಂದ ಮೇಲೆ ಮಗಳು ಕೇಳಿದಳು, “ಅಮ್ಮಾ, ಡಿಡ್ ಯು ರೈಟ್ ದಟ್?”

ಹೂಂ ಎಂದೆ. ಹದಿಮೂರು ವರ್ಷದವಳಿಗೆ ಉಳಿದದ್ದನ್ನು ವಿವರಿಸಲು ಹೋದೆ. ಅವಳು ರೂಮಿನ ಬಾಗಿಲು ಹಾಕಿಕೊಂಡಳು. ಐದು ವಾರ ನನ್ನ ಜೊತೆ ಮಾತಾಡಲಿಲ್ಲ. ಬೂಟು ಮುಟ್ಟಲಿಲ್ಲ.

ಅಕ್ಟೋಬರ್ ಇಪ್ಪತ್ತೊಂದರಂದು ಮಾರ್ಗರೆಟ್ ಗಂಡನನ್ನು ಕರೆದುಕೊಂಡು ವೇಲ್ಸಿಗೆ ಹೊರಟುಹೋದರು. “ಅಲ್ಲಿ ಇವರನ್ನು ಕಂಡು ರಸ್ತೆ ದಾಟುವವರು ಯಾರೂ ಇಲ್ಲ” ಎಂದರು. ನಾವೇ ಕೆನಡಿ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆವು. ಪ್ರೋಸರ್ ಅವರು ಎಲ್ಲೋ ದೂರದೂರಿಗೆ ಪಂದ್ಯಕ್ಕೆ ಹೊರಟಿದ್ದೇವೆ ಎಂದುಕೊಂಡಿದ್ದರು, ಖುಷಿಯಾಗಿದ್ದರು. ಮಗಳು ಮುಂದೆ ಹೋಗಿ ಕೈಚಾಚಿದಳು. ಅವಳು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಕೈ ಹಿಡಿದುಕೊಂಡೇ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. “ನೀನು ಹಿಂದಿನ ಸಾಲಿನಲ್ಲಿ ಆಡುತ್ತೀಯ ಅಲ್ಲವೇ? ನಿಂತಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಎಲ್ಲರೂ ಎಲ್ಲಿದ್ದಾರೆ ಎಂದು ನೋಡುತ್ತಿದ್ದೀಯ” ಎಂದರು. “ಒಂದು ಹೆಜ್ಜೆ ಹಿಂದೆ ನಿಲ್ಲು ಮಗು. ಆಗ ಇನ್ನೂ ಚೆನ್ನಾಗಿ ಕಾಣುತ್ತದೆ.”

ವಾಪಸ್ ಬರುವಾಗ ಕಾರಿನಲ್ಲಿ ಅವಳು ಬಹಳ ಹೊತ್ತು ಅತ್ತಳು. ಆಮೇಲೆ, “ಡಿಡ್ ಯು ರೈಟ್ ದ ಗುಡ್ ಪಾರ್ಟ್ ಟೂ?” ಎಂದು ಕೇಳಿದಳು.

“ಬರೆದಿದ್ದೆ ಪುಟ್ಟಿ.”

“ದೆನ್ ಮೇಕ್ ದೆಮ್ ರೀಡ್ ಇಟ್.”

ಆದ್ದರಿಂದ ಕೇಳುತ್ತಿದ್ದೇನೆ. ಅವರನ್ನು ವಾಪಸ್ ಕರೆಸಿ ಎಂದು ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲೂ ಇಲ್ಲ, ದೇವರ ಕೈಯಲ್ಲೂ ಇದ್ದಂತಿಲ್ಲ. ನಿಮ್ಮ ಜನವರಿಯ ಸಾರ್ವಜನಿಕ ಸಭೆಯಲ್ಲಿ, ದೂರು ಕೊಟ್ಟ ತಂದೆತಾಯಿಗಳ ಎದುರಿಗೆ, ನನ್ನ ಒಂದೂವರೆ ಪುಟವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿಸಿ. ನಿಮ್ಮ ಆಜ್ಞೆಯನ್ನು ಹಿಂತೆಗೆದುಕೊಂಡಿರೆಂದು ಶಾಲೆಗೂ ಪತ್ರಿಕೆಗೂ ಬರೆದು ತಿಳಿಸಿ. ಅದರದೊಂದು ಪ್ರತಿಯನ್ನು ಮಾರ್ಗರೆಟ್ ಅವರಿಗೆ ಕಳಿಸಿ, ವಿಳಾಸ ನನ್ನ ಹತ್ತಿರವಿದೆ. ಅವರ ಗಂಡ ಅದನ್ನು ಓದಿ ಮರೆಯಬಹುದು. ಆಕೆ ಮರೆಯುವುದಿಲ್ಲ.

ಇಂತಿ,
ಶನಿವಾರ ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಿಲ್ಲದ,
ಡಾ. ಅನಸೂಯ ಬದರೀನಾಥ