ಪಾದರಸ ನಮ್ಮ ಅಡುಗೆಮನೆಯಲ್ಲಿಲ್ಲ, ಬಿಸಿ ಪೆಟ್ಟಿಗೆಯಲ್ಲಿದೆ

ಕೆಲಸದ ಸ್ಥಳಗಳ ಆರೋಗ್ಯ ಕಾಯುವ ಮಾನ್ಯ ತಪಾಸಣಾಧಿಕಾರಿಗಳೇ,

ಆರನೇ ತರಗತಿಗೇ ಪುಸ್ತಕ ಮಡಚಿಟ್ಟವಳು ನಾನು. ನನ್ನಂಥವಳ ಕೈಗೆ ಪೆನ್ನು ಹಿಡಿಸಿದ್ದು ನಿಮ್ಮ ಕಚೇರಿಯ ಮೊದಲ ತಪ್ಪು. ಮೂರು ಸಲ ಮೆಟ್ಟಿಲು ಹತ್ತಿ ಬಾಯಲ್ಲಿ ಹೇಳಿದೆ, ಮೂರು ಸಲವೂ ‘ಬರೆದುಕೊಡಿ’ ಎಂದರು. ಬರೆದಿದ್ದೇನೆ. ಪತ್ರಿಕೆಗೂ ಕೊಟ್ಟಿದ್ದೇನೆ, ಯಾಕೆಂದರೆ ನಿಮ್ಮ ಕಪಾಟುಗಳ ಮೇಲೆ ನನಗೆ ಅಷ್ಟೊಂದು ಭರವಸೆ ಇಲ್ಲ.

ವಿಷಯ ಇಷ್ಟೆ. ನನ್ನ ಸೊಸೆ ಹಲ್ಲಿನ ಆಸ್ಪತ್ರೆಯಲ್ಲಿ ಉಪಕರಣ ಶುಚಿ ಮಾಡುವ ಸಹಾಯಕಿ. ಆರು ವರ್ಷವಾಯಿತು. ಈಗ ಅವಳ ಕೈ ನಡುಗುತ್ತದೆ. ಸೂಜಿಗೆ ದಾರ ಪೋಣಿಸಿಕೊಡಿ ಎಂದು ನನ್ನ ಹತ್ತಿರ ಬರುತ್ತಾಳೆ, ಅರವತ್ತೆಂಟು ದಾಟಿದ ನನ್ನ ಹತ್ತಿರ! ಪರೀಕ್ಷೆ ಮಾಡಿಸಿದರೆ ಮೂತ್ರದಲ್ಲಿ ಇರಬಾರದಷ್ಟು ಪಾದರಸ. ನಿಮ್ಮ ಘನ ವರದಿ ಮಾತ್ರ ಹೇಳುತ್ತದೆ: ‘ಕೆಲಸದ ಸ್ಥಳದಲ್ಲಿ ಮೂಲ ಪತ್ತೆಯಾಗಿಲ್ಲ, ಮನೆಯಲ್ಲಿರುವ ಸಾಧ್ಯತೆಯಿದೆ.’ ಹಾಗಾಗಿ ಈಗ ರಜೆಯಲ್ಲಿರುವ ಅವಳು ಬರುವ ಒಂದನೇ ತಾರೀಕಿಗೆ ಉಪಕರಣ ಶುಚಿ ಮಾಡುವ ಅದೇ ಕೋಣೆಗೆ ಮರಳಬೇಕು, ಇಲ್ಲವೇ ಕೆಲಸ ಬಿಡಬೇಕು.

ನೀವು ಹುಡುಕಿದ ಚೆಂದವನ್ನೂ ಹೇಳಿಬಿಡುತ್ತೇನೆ. ನಿಮ್ಮ ತಪಾಸಣೆಯವರು ಆಸ್ಪತ್ರೆಗೆ ಬಂದದ್ದು ವಾರದ ರಜೆಯ ದಿನ. ಕಿಟಕಿಗಳೆಲ್ಲ ತೆರೆದಿದ್ದವು, ಫ್ಯಾನುಗಳೆಲ್ಲ ತಿರುಗುತ್ತಿದ್ದವು. ರೋಗಿಗಳು ಹಳೆಯ ಪತ್ರಿಕೆ ತಿರುವಿಹಾಕುವ ಹಜಾರದಲ್ಲಿ ನಿಂತು ಅಳತೆಯ ಯಂತ್ರವನ್ನು ಆರತಿಯಂತೆ ಎರಡು ಸುತ್ತು ಸುತ್ತಿಸಿದರು. ಯಂತ್ರ ಸೊನ್ನೆ ತೋರಿಸಿತು. ತೋರಿಸದೆ ಏನು ಮಾಡೀತು, ಪಾಪ? ಆಮೇಲೆ ನಮ್ಮ ಮನೆಗೆ ಬಂದು ಅಡುಗೆಮನೆಯ ಡಬ್ಬಿಗಳ ಮುಚ್ಚಳ ಎತ್ತಿದರು.

“ಅಜ್ಜಿ, ಮನೇಲಿ ಥರ್ಮಾಮೀಟರ್ ಏನಾದ್ರೂ ಒಡೆದಿತ್ತಾ?”

“ನಮ್ಮನೇಲಿ ಜ್ವರ ನೋಡೋದು ನನ್ನ ಅಂಗೈ. ಅದನ್ನೂ ಒಡೆದು ನೋಡ್ತೀರಾ?”

“ಮೀನು ತಿಂತೀರಾ?”

“ತಿಂದ್ರೆ ಎಲ್ರೂ ತಿಂತೀವಿ. ನಡುಗ್ತಿರೋದು ಇವಳೊಬ್ಬಳ ಕೈ.”

ಅದನ್ನು ಅವರು ಬರೆದುಕೊಳ್ಳಲಿಲ್ಲ. ಮೀನು ಎಂಬುದನ್ನು ಮಾತ್ರ ಬರೆದುಕೊಂಡರು.

ಸರಿ, ನಾನೇ ಹುಡುಕಿದೆ. ಸೊಸೆಗಿಂತ ಮೊದಲು ಅದೇ ಕೆಲಸವನ್ನು ಇಪ್ಪತ್ತನಾಲ್ಕು ವರ್ಷ ಮಾಡಿದವಳು ನಾನು, ಅಲ್ಲಿಯ ಕಾವಲುಗಾರ ಇನ್ನೂ ನನಗೆ ಹೆದರುತ್ತಾನೆ. ಸೊಸೆಯನ್ನು ಕರೆದುಕೊಂಡು ಹೋಗಿ, ಅವಳ ಕೋಣೆಯ ನೆಲಕ್ಕೆ ಹೊಟ್ಟೆಯೂರಿ ಮಲಗಿ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದೆ. ಪಾದರಸ ಚೆಲ್ಲಿದ್ದರೆ ಹಾಗೆಯೇ ಮಿನುಗುವುದು. ಒಂದು ಮಣಿಯೂ ಇಲ್ಲ. ಎದ್ದು, ಸೊಂಟನೋವಿನ ಸಿಟ್ಟಿನಲ್ಲಿ ಸೊಸೆಗೆ ಹೇಳಿದೆ: “ನಿನ್ನ ದಿನದ ಕೆಲಸ ಮಾಡಿ ತೋರ್ಸು. ಒಂದೂ ಬಿಡಬೇಡ.”

ಹಲ್ಲಿನ ತೂತಿಗೆ ತುಂಬುವ ಬೆಳ್ಳಿ ಬಣ್ಣದ ಸಿಮೆಂಟು ನಿಮಗೆ ಗೊತ್ತಿರಬೇಕು. ಅದರಲ್ಲಿ ಅರ್ಧದಷ್ಟು ಪಾದರಸವೇ. ಅದರ ಚೂರುಗಳು ಉಪಕರಣದ ತುದಿಗೆ ಕಚ್ಚಿಕೊಳ್ಳುತ್ತವೆ. ಅವನ್ನು ಒರೆಸಿ ತೆಗೆದ ಮೇಲೆ ಕಾಯಿಸಬೇಕು. ಸೊಸೆ ಒರೆಸಲಿಲ್ಲ. ಚೂರಿನ ಸಮೇತ, ಕ್ರಿಮಿ ಸಾಯಲೆಂದು ಉಪಕರಣ ಕಾಯಿಸುವ ಬಿಸಿ ಪೆಟ್ಟಿಗೆಗೆ ಹಾಕಿದಳು. ಕಾದ ಮೇಲೆ ಬಾಗಿಲು ತೆರೆದು, ಉದುರಿತೋ ಎಂದು ಮುಖ ಒಳಗಿಟ್ಟು ನೋಡಿದಳು.

“ಯಾವ ಬುದ್ಧಿಗೆಟ್ಟೋರು ಕಲಿಸಿದ್ರೇ ನಿಂಗೆ ಇದನ್ನ?”

“ನೀವೇ ಅಲ್ವಾ ಅತ್ತೆ.”

ಹೌದು, ನಾನೇ. ಕೆರೆಯುತ್ತ ಕೂತರೆ ಹೊತ್ತು ಹಾಳು, ಕಾಯಿಸಿದರೆ ತಾನೇ ಉದುರುತ್ತದೆ ಎಂದು ದೊಡ್ಡ ವಿದ್ಯೆಯಂತೆ ಹೇಳಿಕೊಟ್ಟಿದ್ದೆ. ನನ್ನ ಕಾಲದಲ್ಲಿ ಆ ಪೆಟ್ಟಿಗೆ ಹಿಂದಿನ ತೆರೆದ ಜಗಲಿಯಲ್ಲಿತ್ತು, ಕಾದ ಪಾದರಸದ ಹೊಗೆ ಗಾಳಿಗೆ ಹೋಗುತ್ತಿತ್ತು. ನನ್ನ ಕೈ ನಡುಗಲಿಲ್ಲವಾದ್ದರಿಂದ ನನ್ನ ವಿದ್ಯೆ ಸರಿ ಅಂದುಕೊಂಡೆ. ಈಗ ಪೆಟ್ಟಿಗೆ ಕಿಟಕಿಯಿಲ್ಲದ ಕೋಣೆಯಲ್ಲಿದೆ. ಗಾಳಿ ಹೊರಹಾಕುವ ಫ್ಯಾನಿನ ತೂತನ್ನು ಅಂದದ ಹಲಗೆ ಹೊಡೆದು ಮುಚ್ಚಿದ್ದಾರೆ. ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದು ನಿಮ್ಮದೇ ಕಚೇರಿ. ತಪ್ಪಿನಲ್ಲಿ ನನ್ನ ಪಾಲು ನಾನು ಹೊರುತ್ತೇನೆ, ನಿಮ್ಮ ಪಾಲನ್ನು ನಮ್ಮ ಅಡುಗೆಮನೆಯಲ್ಲಿ ಯಾಕೆ ಇಳಿಸುತ್ತೀರಿ?

ಇದನ್ನು ಹೇಳಲು ಓಡಿ ಬಂದರೆ ನಿಮ್ಮ ಗುಮಾಸ್ತ ಕನ್ನಡಕ ಹಣೆಗೇರಿಸಿ ಅಂದ: “ಮೂಲ ಸಿಗ್ಲಿಲ್ಲ ಅಂತ ಸಹಿ ಆಗೋಗಿದೆ ಅಜ್ಜಿ. ಈಗ ಸಿಕ್ಬಿಟ್ರೆ ಕಷ್ಟ.”

ಯಾರಿಗೆ ಕಷ್ಟ, ಸ್ವಾಮಿ? ಸೂಜಿ ಹಿಡಿಯಲಾಗದವಳಿಗೋ, ಪೆನ್ನು ಗಟ್ಟಿಯಾಗಿ ಹಿಡಿದು ಸಹಿ ಹಾಕಿದವರಿಗೋ?

ಕೆಲಸ ನಡೆಯುವ ದಿನ ಬನ್ನಿ. ಆ ಕೋಣೆಯ ಬಾಗಿಲು ಹಾಕಿಸಿ, ಪೆಟ್ಟಿಗೆ ಕಾದ ಮೇಲೆ ತೆರೆಸಿ, ಯಂತ್ರವನ್ನು ನನ್ನ ಸೊಸೆಯ ಮುಖವಿರುವ ಎತ್ತರಕ್ಕೆ ಹಿಡಿಯಿರಿ. ಅವಳು ಕುಳ್ಳಿ, ಸ್ವಲ್ಪ ಬಗ್ಗಬೇಕಾದೀತು. ಪೆಟ್ಟಿಗೆಯ ಬಾಗಿಲು ನಾನು ತೆರೆಯುತ್ತೇನೆ, ಅವಳಲ್ಲ. ಅಲ್ಲಿಯವರೆಗೆ ಅವಳನ್ನು ಆ ಕೋಣೆಗೆ ಕಳಿಸಕೂಡದು, ಕೆಲಸದಿಂದಲೂ ತೆಗೆಯಕೂಡದು. ಇಪ್ಪತ್ತೇಳನೇ ತಾರೀಕಿನ ಸಂಜೆ ಐದರೊಳಗೆ ಉತ್ತರ ಬೇಕು. ಬರವಣಿಗೆಯಲ್ಲಿ.

ಇಂತಿ,
ತಪ್ಪು ಪಾಠವನ್ನು ಚೆನ್ನಾಗಿ ಕಲಿಸಿದ ಅತ್ತೆ